ಮಾರಾಟಕ್ಕಿಟ್ಟ ಕುರ್ಚಿ

ಕ್ಷೌರದಂಗಡಿಯಲ್ಲಿ ಯಾರೂ ಮುಖ ನೋಡಿ ಮಾತಾಡುವುದಿಲ್ಲ; ಕನ್ನಡಿ ನೋಡಿ ಮಾತಾಡುತ್ತಾರೆ. ಹೊರಗೆ ತುಟಿ ಬಿಚ್ಚದವರೂ ಕುತ್ತಿಗೆಗೆ ಬಿಳಿ ಬಟ್ಟೆ ಬಿದ್ದೊಡನೆ ಮನೆಯ ಗುಟ್ಟನ್ನೆಲ್ಲ ಅಪ್ಪನ ಅಂಗಡಿಯ ಕನ್ನಡಿಗೆ ಒಪ್ಪಿಸಿಬಿಡುತ್ತಿದ್ದರು. ಮಗಳು ಮಾತ್ರ ಎಲ್ಲಿ ಕೂತರೂ ಮೂಕಿ. ಅಪ್ಪ ಕರೆಯುತ್ತಿದ್ದದ್ದೇ 'ಮೌನವ್ವ' ಎಂದು.

ಅಪ್ಪನ ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಇಳಿದಿದೆ ಎಂದು ಗೊತ್ತಾದ ದಿನ, ಅವನು ಪರೀಕ್ಷೆಗೆ ರಕ್ತ ಕೊಡಲು ಹೋಗಿದ್ದಾಗ, ಡಾಕ್ಟರು ಅವಳಿಗೆ ಎರಡು ದಾರಿ ಹೇಳಿದ್ದರು. ರೋಗಕ್ಕೆ ಮೇವಾಗುವ ಗಂಡು ಹಾರ್ಮೋನನ್ನು ನಿಲ್ಲಿಸಬೇಕು. ಒಂದೋ ಮೂರು ತಿಂಗಳಿಗೊಮ್ಮೆ ಇಂಜೆಕ್ಷನ್, ಬದುಕಿರುವ ತನಕ. ಒಂದೊಂದಕ್ಕೂ ಅಂಗಡಿಯ ಎರಡು ತಿಂಗಳ ದುಡಿಮೆ. ಇಲ್ಲವೇ ಒಂದೇ ಸಲ ಸಣ್ಣ ಆಪರೇಷನ್, ಬೀಜಗಳನ್ನು ತೆಗೆಯುವುದು. ಅರ್ಧ ಇಂಜೆಕ್ಷನ್ನಿನ ಖರ್ಚು. "ಅಪ್ಪನ್ನ ಕೇಳಿ ಹೇಳಮ್ಮ" ಎಂದಿದ್ದರು.

ಅವಳು ಅಪ್ಪನಿಗೂ ಅಮ್ಮನಿಗೂ ಇಂಜೆಕ್ಷನ್ನಿನ ಮಾತನ್ನಷ್ಟೇ ದಾಟಿಸಿದಳು. ಬೀಜ ಎಂಬ ಪದವನ್ನು ಅಪ್ಪನೆದುರು ಹೇಗೆ ಆಡುವುದು?

ಎರಡು ಇಂಜೆಕ್ಷನ್ನಿಗೆ ಉಳಿತಾಯವೆಲ್ಲ ಗುಡಿಸಿ ಹೋಯಿತು. ಮೂರನೆಯದಕ್ಕೆ ಅಪ್ಪ ಇದ್ದ ಎರಡು ಕುರ್ಚಿಗಳಲ್ಲಿ ಒಳ್ಳೆಯದನ್ನು ಪಕ್ಕದ ಬೀದಿಯ ಕ್ಷೌರಿಕನಿಗೆ ಮಾರಲು ಮಾತಾಡಿದ. ಅವನು ಅದನ್ನು ಒಯ್ಯಲು ಬರುವ ಬೆಳಿಗ್ಗೆ ಮಗಳು ಹೋಗಿ ಅದೇ ಕುರ್ಚಿಯಲ್ಲಿ ಕೂತಳು.

"ಏನ್ ಮೌನವ್ವ, ಸಿಂಹಾಸನ ಹೋಗೋ ಮುಂಚೆ ಒಂದ್ಸಲ ಪಟ್ಟಕ್ಕೇರೋಣ ಅಂತಾನಾ?"

"ತುದಿ ಕತ್ತರಿಸಪ್ಪ."

ಬಟ್ಟೆ ಕುತ್ತಿಗೆಗೆ ಬಿತ್ತು. ಅವಳು ಕನ್ನಡಿಯನ್ನೇ ದಿಟ್ಟಿಸುತ್ತ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು, ಆ ಪದವನ್ನೂ. ಕತ್ತರಿ ನಿಂತಿತು.

"ಎರಡೂ ಅಷ್ಟೇ ಗುಣ ಕೊಡುತ್ತಾ?"

"ಅಷ್ಟೇ ಅಂದ್ರು."

"ಆರು ತಿಂಗಳಿಂದ ಗೊತ್ತಿತ್ತು ನಿಂಗೆ."

"ಬಾಯೇ ಬರ್ಲಿಲ್ಲಪ್ಪ."

ಅಪ್ಪ ಅವಳ ಕೂದಲಿಗೆ ಬಾಚಣಿಗೆ ಇಳಿಸಿದ. "ತಲೆ ಅಲ್ಲಾಡಿಸ್ಬೇಡ" ಎಂದ. ಅವಳು ಅಲ್ಲಾಡಿಸಿರಲಿಲ್ಲ.

ಬಾಗಿಲಲ್ಲಿ ತಳ್ಳುಗಾಡಿ ನಿಂತಿತು. "ಏನಣ್ಣ, ಬೋಲ್ಟು ಬಿಚ್ಚಲಾ?" ಎಂದ ಪಕ್ಕದ ಬೀದಿಯ ಕ್ಷೌರಿಕ, ಸ್ಪ್ಯಾನರ್ ಆಡಿಸುತ್ತ.

"ಗಿರಾಕಿ ಕೂತಿರೋದು ಕಾಣಲ್ವೇನೋ? ಎರಡು ದಿನ ಬಿಟ್ಟು ಬಾ."

"ಗಾಡಿ ಬಾಡಿಗೆ ಯಾರಪ್ಪ ಕೊಡ್ತಾನೆ?" ಎಂದು ಗೊಣಗುತ್ತ ಅವನು ಹೋದ.

ಅಪ್ಪ ಕತ್ತರಿ ಎತ್ತಿದ, ಮತ್ತೆ ಇಳಿಸಿದ. ಆಮೇಲೆ ಕುರ್ಚಿಯನ್ನು ಕನ್ನಡಿಯಿಂದ ತನ್ನತ್ತ ತಿರುಗಿಸಿ, ಅವಳ ಮುಖವನ್ನೇ ನೋಡಿ ಕೇಳಿದ:

"ನಿಮ್ಮಮ್ಮಂಗೆ ಹೇಗೆ ಹೇಳೋದೇ ಇದನ್ನ?"