ಹೆಸರು ಹೇಳದ ಮದ್ದು

ಶೇಖವ್ವ ಕರಿ ತುಣುಕನ್ನು ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚಿದಳು. ಮೊದಲು ಕಹಿ, ಆಮೇಲೆ ಸಿಹಿ. ಅಗಿಯುವಷ್ಟರಲ್ಲಿ ಬೆಣ್ಣೆಯ ಹಾಗೆ ಕರಗಿ ಗಂಟಲಿಗಿಳಿಯಿತು. ಕಾಚು ಅನ್ನೋಣವೆಂದರೆ ಒಗರಿಲ್ಲ, ಹುರಿದ ಹುಣಸೆಬೀಜ ಅನ್ನೋಣವೆಂದರೆ ತರಿಯಿಲ್ಲ. ಯಾವ ಬೇರೋ, ಯಾವ ತೊಗಟೆಯೋ! ಹತ್ತಿಮತ್ತೂರಿನ ಸುತ್ತಲಿನ ಗಿಡಗಳನ್ನೆಲ್ಲ ಎಲೆಯ ಚೂರು ಕಡಿದೇ ಗುರುತಿಸುವ ಹೆಂಗಸು ಸೋತು ಕೂತಿದ್ದಳು. ಆದರೆ ಇಪ್ಪತ್ತು ದಿನದಿಂದ ಎದೆ ಹಿಂಡುತ್ತಿದ್ದ ಕೆಮ್ಮು, ಇದನ್ನು ಚೀಪಿದಷ್ಟು ಹೊತ್ತು ಸುಮ್ಮನಿರುತ್ತಿತ್ತು.

ಆ ಕೆಮ್ಮೇ ಅವಳ ಮಾನ ಕಳೆದಿತ್ತು. ಕೆಮ್ಮಿಗೆ ಮದ್ದು ಕೊಡುವವಳೇ ಕೆಮ್ಮುತ್ತ ಕೂತರೆ ಊರು ಬಿಟ್ಟೀತೇ? "ತನ್ನ ಕೆಮ್ಮ ತನಗ ಬಗೀಹರೀವಲ್ದು, ಊರಿಗೆ ಔಷಧ ಕೊಡ್ತಾಳಂತ!" ಎಂದು ಬಾವಿಕಟ್ಟೆಯಲ್ಲಿ ನಕ್ಕದ್ದು ಅವಳ ಕಿವಿಗೂ ಬಿದ್ದಿತ್ತು. ಎರಡು ವಾರದಿಂದ ಬಾಗಿಲಿಗೆ ಒಬ್ಬರೂ ಬಂದಿರಲಿಲ್ಲ.

ಬಂದವಳೊಬ್ಬಳೇ, ಸವಣೂರಿನಲ್ಲಿ ವೀಳ್ಯದೆಲೆ ಮಾರುವ ರಹಿಮಾಬಿ. ಮೊಮ್ಮಗಳ ಕೆಮ್ಮಿಗೆ ಪ್ರತಿವರ್ಷ ಮದ್ದೊಯ್ಯುವವಳು, ಈ ಸಲ ತಾನೇ ಎಲೆಯಲ್ಲಿ ಮಡಿಸಿದ ಮೂರು ತುಣುಕು ಕೈಗಿಟ್ಟು ಕಣ್ಣು ಮಿಟುಕಿಸಿದ್ದಳು. "ಹೆಸರ ಕೇಳಬ್ಯಾಡ್ರಿ ಅಕ್ಕಾರ. ಹೆಸರ ಹೇಳಿದ್ರ ಮದ್ದು ಮಣ್ಣಾಕ್ಕೈತಂತ ನೀವ ಅಂತೀರಲ್ಲಾ?"

ಅನ್ನುತ್ತಿದ್ದುದು ನಿಜವೇ. ಅತ್ತೆ ಸಾಯುವಾಗ ಕಿವಿಯಲ್ಲಿ ಉಸುರಿದ ಗಿಡದ ಹೆಸರನ್ನು ಮೂವತ್ತು ವರ್ಷದಿಂದ ಶೇಖವ್ವ ಹೆತ್ತ ಮಗಳಿಗೂ ಹೇಳಿರಲಿಲ್ಲ. ಮದ್ದು ಪುಕ್ಕಟೆ, ಹೆಸರು ಮಾತ್ರ ಕೇಳಬಾರದು.

ಮೂರನೆಯ ತುಣುಕೂ ಕರಗಿಹೋದ ಮರುದಿನ ಅವಳು ತಡೆಯಲಾರದೆ ಸವಣೂರಿನ ಗಾಡಿ ಏರಿದಳು.

ರಹಿಮಾಬಿ ಅಂಗಳದಲ್ಲಿ ಎಲೆ ಕಟ್ಟುತ್ತಿದ್ದಳು. ಮೊಮ್ಮಗಳು ಜನ್ನತಬಿ ಪಕ್ಕದಲ್ಲಿ ಆಡುತ್ತಿದ್ದಳು.

"ತಡಕೊಳ್ಳಾಕ ಆಗವಲ್ದವಾ. ಅದು ಯಾವ ಗುಡ್ಡದಾಗ ಬೆಳೀತೈತಿ, ಹೇಳಿಬಿಡು."

"ಹೇಳ್ತೇನ್ರಿ. ಆದ್ರ ನಿಮ್ಮದನ್ನೂ ಹೇಳಬೇಕು."

ಶೇಖವ್ವ ಹಿಂದೆ ಸರಿದಳು. ಹೇಳಿದರೆ ಮದ್ದು ಹೋಯಿತು. ಮದ್ದು ಹೋದರೆ ತನ್ನನ್ನು ಯಾರು ಕೇಳುತ್ತಾರೆ? ಆದರೆ ನಾಲಿಗೆಗೆ ಹತ್ತಿದ ಒಗಟು ಬಿಡಬೇಕಲ್ಲ.

"ಆತು. ನಿಂದ ಮೊದಲು."

"ಚಾಕಲೇಟು ರೀ. ಮಗ ಕರೀಮಸಾಬ ಮುಂಬೈ ಬಂದರದಾಗ ದುಡೀತಾನಲ್ಲ, ಅವ ತಂದಿದ್ದ. ಸಣ್ಣ ಹುಡುಗ್ರು ತಿನ್ನೂ ಮಿಠಾಯಿ. ಹಡಗದವರು ಕೆಮ್ಮಿಗೂ ಚೀಪತಾರಂತ."

"ಮಿಠಾಯಿ? ಅಯ್ಯ ನಿನ್ನ ಹೆಣಾ ಎತ್ಲಿ!" ಶೇಖವ್ವ ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. "ಗಿಡಾ ಹುಡುಕ್ಯಾಡಿ ಹುಡುಕ್ಯಾಡಿ ಸತ್ತೆನಲ್ಲೇ!"

"ಈಗ ನಿಮ್ಮದು."

ಆಡುವ ಕೂಸಿನ ಹೊರತು ಸುತ್ತ ಯಾರಿಲ್ಲದಿದ್ದರೂ ಶೇಖವ್ವ ಬಾಗಿ ಅವಳ ಕಿವಿಗೆ ಬಾಯಿ ಹಚ್ಚಿದಳು. "ಆಡುಸೋಗಿ."

ರಹಿಮಾಬಿಯ ನಗು ನಿಂತಿತು. ಅವಳು ಎದ್ದು ಮನೆಯ ಹಿಂದಿನ ಬೇಲಿಗೆ ಹೋಗಿ ಒಂದು ಟೊಂಗೆ ಮುರಿದು ತಂದಳು. ಉದ್ದನೆಯ ಎಲೆ, ತುದಿಗೆ ಬಿಳಿ ಹೂವು.

"ಇದ ಏನ್ರಿ?"

"ಅದ."

"ಹೋದ ಮಳಿಗಾಲದಾಗ ಹಳ್ಳ ಬಂದು ಮೂರು ದಿನ ಗಾಡಿ ನಿಂತಿದ್ವು. ನಿಮ್ಮ ಕಡೆ ಬರಾಕ ಆಗಲಿಲ್ಲ. ಈ ಕೂಸು ಕೆಮ್ಮಿ ಕೆಮ್ಮಿ ತುಟಿ ನೀಲಿ ಆಗಿದ್ವು." ರಹಿಮಾಬಿ ಟೊಂಗೆಯನ್ನೇ ನೋಡುತ್ತಿದ್ದಳು. "ನಾ ಇದ ಬೇಲಿ ಹಿಡಕೊಂಡು ನಿಂತು ಅತ್ತೆನ್ರಿ ಅಕ್ಕಾರ."

ಶೇಖವ್ವನಿಗೆ ಮುಖ ಎತ್ತಲಾಗಲಿಲ್ಲ. ನಾಚಿಕೆಯಿಂದ ಮೈ ಹಿಡಿಯಾಯಿತು. ಟೊಂಗೆಯನ್ನು ಮಡಿಲಿಗೆಳೆದುಕೊಂಡಳು.

"ಕೂಸಿಗೆ ಎರಡ ಎಲಿ ಸಾಕು," ಎಂದಳು ಪಿಸುದನಿಯಲ್ಲಿ. "ಕೆಂಡದ ಮ್ಯಾಲೆ ಬಾಡಿಸಿ ಹಿಂಡು. ತುಸು ಜೇನು..."

"ಜೋರಾಗಿ ಹೇಳ್ರಿ," ಎಂದಳು ರಹಿಮಾಬಿ. "ಸೊಸಿನೂ ಕೇಳ್ಲಿ. ಏ ಶಾಕೀರಾ, ಬಾ ಇಲ್ಲಿ."

ಸೊಸೆ ಕೈ ಒರೆಸಿಕೊಳ್ಳುತ್ತ ಬಂದು ಹೊಸ್ತಿಲ ಮೇಲೆ ಕೂತಳು. ಪಕ್ಕದ ಮನೆಯವಳೂ ಗೋಡೆಯಾಚೆಯಿಂದ ಇಣುಕಿದಳು. ಶೇಖವ್ವ ಟೊಂಗೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ಮೊದಲಿನಿಂದ ಹೇಳತೊಡಗಿದಳು.