ಬ್ರಿಜಿದಾ ಹೆಸರು ಬಿಟ್ಟುಕೊಡಲಿಲ್ಲ

ಕೈಗವಸು ಹೊಲಿದು ಹೊಲಿದು ನನ್ನ ಕಣ್ಣು ಸೋತಿತ್ತು. ಶಾಲೆಯಲ್ಲಿ ಕಸ ಗುಡಿಸುವ ಕೆಲಸ ಸಿಕ್ಕರೆ ಸಾಕಿತ್ತು, ಅದಕ್ಕೂ ಎಂಟನೆಯ ತರಗತಿಯ ಸರ್ಟಿಫಿಕೇಟು ಕೇಳುತ್ತಿದ್ದರು. ಹಾಗಾಗಿ ನಲವತ್ತೊಂಬತ್ತನೆಯ ವಯಸ್ಸಿಗೆ, ನೇಪಲ್ಸಿನಲ್ಲಿ ಕಾರ್ಮಿಕರಿಗೆಂದು ತೆರೆದಿದ್ದ ಸಂಜೆ ಶಾಲೆಗೆ ಸೇರಿದೆ.

ಉತ್ತರದ ತೊರಿನೊ ಕಡೆಯಿಂದ ಬಂದಿದ್ದ ಒರ್ನೆಲ್ಲಾ ಟೀಚರು ಆ ವರ್ಷ ಸಮಾಜಶಾಸ್ತ್ರ ಹಿಡಿದರು. ಪಾಠ: ಅಪರಾಧ. "ನಿಮ್ಮ ಬೀದಿಯಲ್ಲಿ ಕಾನೂನು ಮುರಿಯುವ ಒಬ್ಬರನ್ನು ಮಾತಾಡಿಸಿ ಬರೆಯಿರಿ. ಹೆಸರು ಹಾಕಬೇಡಿ, 'ವ್ಯಕ್ತಿ ಅ' ಅನ್ನಿ. ಒಪ್ಪಿಗೆಯ ಚೀಟಿಗೆ ಸಹಿ ಮಾಡಿಸಿ ಬೇರೆ ಲಕೋಟೆಯಲ್ಲಿ ಕೊಡಿ. ಶುಕ್ರವಾರದೊಳಗೆ ಬರದಿದ್ದರೆ ಪರೀಕ್ಷೆಗೆ ಕೂರಿಸೋದಿಲ್ಲ."

ನಮ್ಮ ಬೀದಿಯ ಮೂಲೆಯಲ್ಲೇ ಬ್ರಿಜಿದಾ ಕಳ್ಳಸಾಗಣೆಯ ಸಿಗರೇಟು ಮಾರುತ್ತಿದ್ದಳು. ನನ್ನ ಮಗಳಿಗೆ ಧರ್ಮತಾಯಿ ಅವಳು. ಅದಕ್ಕೇ ಒಬ್ಬರನ್ನೊಬ್ಬರು 'ಕುಮ್ಮಾ' ಅನ್ನುತ್ತಿದ್ದೆವು.

"ಅಪರಾಧನಾ? ಇದು ಕೆಲಸ ಕಣೇ, ಕುಮ್ಮಾ! ಅಪರಾಧಿ ಬೇಕಂದ್ರೆ ಆ ಕಟುಕ ಸಬಾತಿನೊ ಹತ್ರ ಹೋಗು. ತಕ್ಕಡಿ ಮೇಲೆ ಹೆಬ್ಬೆಟ್ಟು ಒತ್ತಿ ಮಾಂಸ ತೂಗ್ತಾನೆ."

ಸಬಾತಿನೊ ಕತ್ತಿ ಕೆಳಗಿಡಲೂ ಇಲ್ಲ. "ನನ್ ಹೆಬ್ಬೆಟ್ಟು ದಪ್ಪ, ಅದು ನನ್ ತಪ್ಪಾ? ಲೈಸೆನ್ಸ್ ಇಲ್ದೆ ಮಹಡಿ ಎಬ್ಬಿಸಿದಾನಲ್ಲ, ಮೇಸ್ತ್ರಿ, ಅವನನ್ನ ಕೇಳು." ಮೇಸ್ತ್ರಿ ಇನ್ನೊಬ್ಬನನ್ನು ತೋರಿಸಿದ. ಮೂರು ದಿನ ಅಲೆದೆ. ಇಡೀ ಬೀದಿಯಲ್ಲಿ ಒಬ್ಬನಾದರೂ ಕಾನೂನು ಮುರಿದಿದ್ದರೆ ಕೇಳಿ!

ಗುರುವಾರ ಮತ್ತೆ ಬ್ರಿಜಿದಾಳ ಕಾಲಿಗೆ ಬಿದ್ದೆ. ಕನಿಕರಪಟ್ಟು ಎಲ್ಲ ಹೇಳಿದಳು: ಸಿಗರೇಟಿನ ದೋಣಿ ಬರುವ ಹೊತ್ತು, ಪೊಲೀಸರು ಕೆಡವಿದ ಮಾರಾಟದ ಮೇಜುಗಳು, ಬಸುರಿಯಾಗಿದ್ದಾಗ ಠಾಣೆಯಲ್ಲಿ ಕಳೆದ ಒಂದು ವಾರ. ಆರು ಪುಟ ತುಂಬಿತು. ಆಮೇಲೆ ಓದಿಸಿಕೊಂಡಳು.

"ವ್ಯಕ್ತಿ ಅ? ಯಾರವಳು?"

"ನೀನೇ. ಹೆಸರು ಹಾಕಬಾರದಂತೆ."

"ಠಾಣೆ ಕಂಡವಳು ನಾನು, ಪುಸ್ತಕದಲ್ಲಿ ಇರೋಳು ಅವಳಾ? ಬ್ರಿಜಿದಾ ಅಂತ ಬರಿ. ಇಲ್ದಿದ್ರೆ ಸಹಿನೂ ಇಲ್ಲ."

ಬೇಡಿದೆ, ಬೈದೆ. ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಕೊನೆಗೆ ಸಾಕಾಗಿ, "ನಡಿ, ನೀನೇ ಟೀಚರಿಗೆ ಹೇಳು," ಎಂದು ಶುಕ್ರವಾರ ಸಂಜೆ ತರಗತಿಗೇ ಎಳೆದುಕೊಂಡು ಹೋದೆ.

ಬಾಗಿಲಲ್ಲೇ ಬ್ರಿಜಿದಾ ನಕ್ಕುಬಿಟ್ಟಳು. "ಅಯ್ಯೋ, ಈ ಹುಡುಗಿನಾ ನಿಮ್ ಟೀಚರು? ದಿನಾ ಬೆಳಿಗ್ಗೆ ನನ್ ಹತ್ರ ಎರಡು ಪ್ಯಾಕು ಒಯ್ಯೋಳು! ಸರ್ಕಾರಿ ಸಿಗರೇಟು ಅಂಗಡೀಲಿ ದುಬಾರಿ ಅಂತಾಳೆ."

ತರಗತಿ ಗೊಳ್ಳೆಂದಿತು. ಟೀಚರ ಮುಖ ಕೆಂಪಾಯಿತು. ನನಗೆ ನಗು ಬರಲಿಲ್ಲ. ಇನ್ನರ್ಧ ಗಂಟೆಗೆ ಲಕೋಟೆ ಕೊಡಬೇಕಿತ್ತು.

"ಟೀಚರ್," ಎಂದೆ, "ಕಳ್ಳಮಾಲು ಕೊಳ್ಳೋದೂ ಅಪರಾಧ ಅಂತ ನೀವೇ ಬರೆಸಿದ್ದು. ಹೆಸರು ಹಾಕದೆ ಇವಳು ಒಪ್ಪಲ್ಲ. ನೀವೇ ವ್ಯಕ್ತಿ ಅ ಆಗಿ. ಯಾವಾಗಿಂದ ಕೊಳ್ತಿದೀರಿ, ಯಾಕೆ, ಹೇಳಿ. ಇಲ್ಲೇ ಬರೀತೀನಿ."

ಅವರು ಕುರ್ಚಿಯಲ್ಲಿ ಕೂತರು. ಕೇಳಿದ್ದಕ್ಕೆಲ್ಲ ತಲೆ ಬಗ್ಗಿಸಿಕೊಂಡು ಉತ್ತರ ಕೊಟ್ಟರು. ಕೊನೆಗೆ ತಾವೇ ಟೈಪು ಮಾಡಿಸಿದ್ದ ಒಪ್ಪಿಗೆಯ ಚೀಟಿ ಕೈಗೆತ್ತಿಕೊಂಡು, ಪೆನ್ನು ಬಿಚ್ಚಿ, ಸಹಿ ಹಾಕುವ ಮುಂಚೆ ತಡೆದರು.

"ಸಿನ್ಯೋರಾ," ದನಿ ತಗ್ಗಿಸಿ ಕೇಳಿದರು, "ನನ್ನ ಹೆಸರು ಎಲ್ಲೂ ಬರೋದಿಲ್ಲ ತಾನೆ?"