ಗೇಟು ದಾಟಿದ ಕೊನೆಯ ಎಂಜಿನ್

“ಇನ್ನೈದು ನಿಮಿಷ ತಡೀರಿ,” ಎನ್ನುತ್ತ ಗುಡ್ರುನ್ ಶವಪೆಟ್ಟಿಗೆಯ ಹಿಡಿಕೆಯನ್ನು ಬಿಗಿಯಾಗಿ ಹಿಡಿದುಕೊಂಡಳು. ಕಪ್ಪು ಟೋಪಿಯ ಆರು ಮಂದಿ ಬಾಡಿಗೆ ಆಳುಗಳು ಪೆಟ್ಟಿಗೆ ಎತ್ತಲು ಬಗ್ಗಿದ್ದವರು ಮತ್ತೆ ನೆಟ್ಟಗಾದರು. ಅವರನ್ನು ಕರೆತಂದಿದ್ದ ಡಾಂಬಾಖ್, ನಮ್ಮೂರಿನ ಸಾವುಗಳನ್ನೆಲ್ಲ ಸುಧಾರಿಸುವವನು, ಗಡಿಯಾರ ನೋಡಿಕೊಂಡ.

“ಗುಡ್ರುನ್ ಷ್ಟ್ರೂಬೆಯವರೇ, ಪಾದ್ರಿಯಮ್ಮನಿಗೆ ಎರಡೂವರೆಗೆ ಪಕ್ಕದ ಊರಲ್ಲಿ ಇನ್ನೊಂದು ಮಣ್ಣಿದೆ.”

“ಇರಲಿ. ನಮ್ಮಪ್ಪನಿಗೇನೂ ಅವಸರ ಇಲ್ಲ. ಬರ್ತಾರೆ, ತಡೀರಿ.”

“ಯಾರು ಬರ್ತಾರೆ?”

“ಕಾರ್ಖಾನೆಯೋರು.”

ಡಾಂಬಾಖ್ ಮತ್ತೆ ಗಡಿಯಾರ ನೋಡಲಿಲ್ಲ. ಅವನೂ ಇದೇ ಊರಿನವನು. ಎಗೋನ್ ಷ್ಟ್ರೂಬೆಯ ಪೆಟ್ಟಿಗೆಗೆ ಕೈ ಕೊಡಲು ಹಾಲೆನ್‌ಬಾಖ್‌ನಲ್ಲಿ ಯಾರೂ ಬರುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಹಾಗೆ ನೋಡಿದರೆ ಗುಡ್ರುನ್‌ಗೂ ಗೊತ್ತಿತ್ತು. ಆದರೂ ಮೂರು ದಿನದ ಹಿಂದೆ ಪೇಪರಿನಲ್ಲಿ ದುಡ್ಡು ಕೊಟ್ಟು ಹಾಕಿಸಿದ್ದಳು: ಎಗೋನ್ ಷ್ಟ್ರೂಬೆ, ಎಂಬತ್ತು ವರ್ಷ, ಗ್ರೋಲ್‌ಮಾನ್ ಎಂಜಿನ್ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ದುಡಿದವನು, ಶುಕ್ರವಾರ ಒಂದು ಗಂಟೆಗೆ.

ನಮ್ಮೂರಲ್ಲಿ ಒಂದು ರೂಢಿ. ಕಾರ್ಖಾನೆಯವನು ಸತ್ತರೆ ಅವನ ಶೆಡ್ಡಿನ ಆರು ಜನವೇ ಅವನನ್ನು ಹೊರಬೇಕು. ಬಾಯ್ಲರ್ ಶೆಡ್ಡಿನವನನ್ನು ಬಾಯ್ಲರ್ ಶೆಡ್ಡಿನವರು, ಅಚ್ಚು ಹೊಯ್ಯುವವನನ್ನು ಅಚ್ಚು ಹೊಯ್ಯುವವರು. ಕಾರ್ಖಾನೆ ಮುಚ್ಚಿ ಮೂವತ್ತು ವರ್ಷವಾದರೂ, ಅಲ್ಲಿ ಈಗ ಅಡಿಗೆ ಸಾಮಾನಿನ ಗೋದಾಮು ಇದ್ದರೂ, ಈ ಒಂದು ರೂಢಿ ಬಿಟ್ಟಿಲ್ಲ. ಹೊರುವ ಮುದುಕರಿಗೇ ಊರುಗೋಲು ಬಂದಿದೆ, ಆದರೂ ಹೊರುತ್ತಾರೆ. ಬಾಡಿಗೆಯವರ ಕೈಯಲ್ಲಿ ಗುಂಡಿಗೆ ಹೋದ ಎಂದರೆ ಅವನು ಊರಿಗೆ ಬೇಡವಾದವನು ಎಂದೇ ಅರ್ಥ. ಅಪ್ಪನಿಗೆ ಇದೊಂದು ಅವಮಾನ ಆಗಬಾರದೆಂದು ಗುಡ್ರುನ್ ಓಲ್ಡೆನ್‌ಬುರ್ಗ್‌ನಿಂದ ನಾಲ್ಕು ಗಂಟೆ ರೈಲಿನಲ್ಲಿ ಕೂತು ಬಂದಿದ್ದಳು.

ಪಾದ್ರಿಯಮ್ಮ ಸ್ಮಶಾನದ ಪ್ರಾರ್ಥನೆ ಕೋಣೆಯ ಬಾಗಿಲಿನಿಂದ ಹೊರಗೆ ಇಣುಕಿ ನೋಡಿದಳು. “ರಸ್ತೆ ಆಚೆ ಯಾರೋ ನಾಲ್ಕು ಜನ ನಿಂತಿದಾರಪ್ಪ. ನಿಮ್ಮೋರೇನಾ?”

ಗುಡ್ರುನ್ ಓಡಿಯೇ ಹೋದಳು.

*

ಆ ನಾಲ್ವರು ಯಾಕೆ ರಸ್ತೆಯ ಆಚೆಯೇ ನಿಂತರು ಎಂಬುದಕ್ಕೆ ಸಾವಿರದೊಂಬೈನೂರ ಎಂಬತ್ತಮೂರರ ಆಗಸ್ಟ್‌ಗೆ ಹೋಗಬೇಕು.

ಗ್ರೋಲ್‌ಮಾನ್ ದೊಡ್ಡ ಕಾರ್ಖಾನೆಯೇನಲ್ಲ. ಮೊದಲು ಬಿಯರ್ ಭಟ್ಟಿಗಳಿಗೆ ಬಾಯ್ಲರ್ ಮಾಡುತ್ತಿದ್ದವರು, ಒಂದು ಕಲ್ಲುಕ್ವಾರಿಯವನು ಕೇಳಿದನೆಂದು ಪುಟ್ಟದೊಂದು ಎಂಜಿನ್ ಮಾಡಿಕೊಟ್ಟರು. ಅಲ್ಲಿಂದ ಶುರು. ಸಣ್ಣ ಹಳಿಯ ಮೇಲೆ ಓಡುವ ಗಿಡ್ಡ ಎಂಜಿನ್‌ಗಳು. ಜಾವಾದ ಕಬ್ಬಿನ ಗದ್ದೆಗೆ, ಕಲ್ಲಿದ್ದಲ ಗಣಿಗೆ, ಉತ್ತರದ ಜೌಗಿಗೆ. ಯುದ್ಧದ ಕಾಲದಲ್ಲಿ ಸೈನ್ಯಕ್ಕೂ ಮಾಡಿದರು, ಪೋಲೆಂಡಿನ ಕೈದಿಗಳ ಕೈಲಿ ಮಾಡಿಸಿದರು. ಆ ವರ್ಷಗಳ ಸುದ್ದಿ ಎತ್ತಿದರೆ ಊರಿನ ಹಿರಿಯರು ಇವತ್ತಿಗೂ ಹವಾಮಾನದ ಮಾತು ತೆಗೆಯುತ್ತಾರೆ. ಆಮೇಲೆ ಉಗಿ ಹೋಗಿ ಡೀಸೆಲ್ ಬಂತು. ಅದೂ ಬತ್ತಿತು. ಎಂಬತ್ತಮೂರರ ಬೇಸಿಗೆಯಲ್ಲಿ ಕಾರ್ಖಾನೆ ಮುಚ್ಚುವುದಾಗಿ ನೋಟಿಸು ಅಂಟಿಸಿದರು.

ಅಂಗಳದಲ್ಲಿ ಆಗ ಒಂದೇ ಒಂದು ಎಂಜಿನ್ ಉಳಿದಿತ್ತು. ಹಸಿರು ಬಣ್ಣದ ಡೀಸೆಲ್, ಉಪ್ಪಿನ ಗಣಿಯೊಂದಕ್ಕೆ ಹೋಗಬೇಕಾದದ್ದು. ಮುನ್ನೂರು ಜನ ಗೇಟಿನೊಳಗೆ ಕೂತುಬಿಟ್ಟರು. ಇದು ಒಳಗಿರುವ ತನಕ ಮಾಲೀಕರು ನಮ್ಮ ಜೊತೆ ಮಾತಾಡಲೇಬೇಕು, ಇದನ್ನು ಬಿಡಬೇಡಿ ಎಂದು ಬಾಯ್ಲರ್ ಶೆಡ್ಡಿನ ಮೇಸ್ತ್ರಿ ಆಲ್ಬ್ರೆಕ್ಟ್ ಕೋಪ್ ಎಲ್ಲರ ಕೈಲಿ ಆಣೆ ಹಾಕಿಸಿದ. ಎಗೋನ್ ಷ್ಟ್ರೂಬೆಯೂ ಕೈ ಎತ್ತಿದ. ಹದಿನಾಲ್ಕರಲ್ಲಿ ಬಾಯ್ಲರ್ ಶೆಡ್ಡಿಗೆ ಸೇರಿದವನು, ಆಮೇಲೆ ಹೊಸ ಎಂಜಿನ್‌ಗಳನ್ನು ಮೊದಲ ಸಲ ಓಡಿಸಿ ನೋಡುವ ಡ್ರೈವರ್ ಆಗಿದ್ದ.

ಒಂದು ವಿಷಯ ಹೇಳಬೇಕು. ಗ್ರೋಲ್‌ಮಾನ್‌ನಲ್ಲಿ ಎಂಜಿನ್‌ಗೆ ಅದರ ನಂಬರಿನ ಹಿತ್ತಾಳೆ ಫಲಕವನ್ನು ಒಳಗೆ ಹಾಕುತ್ತಿರಲಿಲ್ಲ. ಅದು ತನ್ನ ಶಕ್ತಿಯಿಂದಲೇ ಗೇಟು ದಾಟಬೇಕು. ದಾಟಿದ ಮೇಲೆ ಓಡಿಸಿದವನೇ ಇಳಿದು ಫಲಕ ಬಿಗಿಯಬೇಕು. ಅಲ್ಲಿಯವರೆಗೆ ಅದು ಬರೀ ಕಬ್ಬಿಣ. ಗೇಟು ದಾಟದೆ ಉಳಿದದ್ದನ್ನು ಕತ್ತರಿಸಿ ಮತ್ತೆ ಕುಲುಮೆಗೆ ಹಾಕುತ್ತಿದ್ದರು.

ಒಂಬತ್ತನೆಯ ದಿನದ ಬೆಳಿಗ್ಗೆ, ಕಾವಲಿನವರು ಕಾಫಿ ಕುಡಿಯುತ್ತಿದ್ದಾಗ, ಎಗೋನ್ ಎಂಜಿನ್ ಹತ್ತಿ ಶುರು ಮಾಡಿದ. ಜನ ನಡೆಯುವಷ್ಟೇ ವೇಗದಲ್ಲಿ ಅದು ಗೇಟಿನ ಕಡೆ ಬಂತು. ಕೋಪ್ ಹಳಿಯ ಮೇಲೆ ಅಡ್ಡ ನಿಂತ.

“ಎಗೋನ್! ಹುಚ್ಚು ಹಿಡಿದಿದೆಯೇನೋ ನಿಂಗೆ? ನಿಲ್ಲಿಸೋ!”

ಎಗೋನ್ ನಿಲ್ಲಿಸಲಿಲ್ಲ. ಕೋಪ್ ಕೊನೆಯ ಗಳಿಗೆಯಲ್ಲಿ ಪಕ್ಕಕ್ಕೆ ಹಾರಿದ. ಹಾಗೆ ಹಾರಬೇಕಾದದ್ದನ್ನೇ ಕೋಪ್ ಜೀವಮಾನದಲ್ಲಿ ಕ್ಷಮಿಸಲಿಲ್ಲ ಎನ್ನುವವರೂ ಇದ್ದಾರೆ. ಗೇಟಿನ ಆಚೆ ಎಗೋನ್ ಎಂಜಿನ್ ನಿಲ್ಲಿಸಿ ಇಳಿದ. ಜೇಬಿನಿಂದ ಫಲಕ ತೆಗೆದ. ಆರು ಸಾವಿರದ ಮುನ್ನೂರ ಹದಿನೆಂಟು. ನಾಲ್ಕು ಸ್ಕ್ರೂ ಬಿಗಿದ, ತೋಳಿನಿಂದ ಒರೆಸಿದ, ಯಾರ ಮುಖವನ್ನೂ ನೋಡದೆ ಮನೆಗೆ ನಡೆದ.

ಮೂರು ವಾರಕ್ಕೆ ಕಾರ್ಖಾನೆ ಮುಚ್ಚಿತು. ಎಂಜಿನ್ ಒಳಗಿದ್ದರೆ ಉಳಿಯುತ್ತಿತ್ತೇ? ದೇವರೇ ಬಲ್ಲ. ಎಗೋನ್ ಮಾಲೀಕರಿಂದ ದುಡ್ಡು ತಿಂದಿದ್ದಾನೆ ಎಂದರು. ಅದು ಸುಳ್ಳು, ಕೆಲಸದಿಂದ ತೆಗೆದೆವೆಂದು ಎಲ್ಲರಿಗೂ ಬಂದ ಕಾಗದವೇ ಅವನಿಗೂ ಬಂತು. ಆಮೇಲೆ ಪಂಚಾಯಿತಿಯ ಪಾರ್ಕುಗಳಲ್ಲಿ ಹುಲ್ಲು ಕತ್ತರಿಸಿದ. ಬೇಕರಿಯಲ್ಲಿ ಅವನ ಹೆಂಡತಿಯನ್ನು ಕೊನೆಯವರೆಗೂ ನಿಲ್ಲಿಸಿ ಆಮೇಲೆ ಬ್ರೆಡ್ ಕೊಟ್ಟರು. ಎಂಟು ವರ್ಷ ಹೀಗೇ ನಿಂತು ಅವಳು ತೀರಿಕೊಂಡಳು. ಹದಿನೇಳರ ಗುಡ್ರುನ್‌ಳ ಪಕ್ಕ ಶಾಲೆಯಲ್ಲಿ ಯಾರೂ ಕೂರಲಿಲ್ಲ.

“ಯಾಕಪ್ಪಾ ಹಂಗೆ ಮಾಡ್ದೆ?” ಎಂದು ಅವಳು ಅಡಿಗೆಮನೆಯಲ್ಲಿ ಅಳುತ್ತ ಕೇಳಿದ್ದಳು.

ಅವನು ಆಲೂಗೆಡ್ಡೆ ಹೆರೆಯುವುದನ್ನು ನಿಲ್ಲಿಸದೆ ಹೇಳಿದ್ದ: “ಅದು ತಯಾರಾಗಿತ್ತು ಕಣೆ.”

“ಅಷ್ಟೇನಾ?”

“ಇನ್ನೇನಿರುತ್ತೆ? ನಾವೇ ಮಾಡಿದ್ದು. ತಯಾರಾಗಿತ್ತು.”

ಎರಡು ವರ್ಷಕ್ಕೆ ಅವಳು ಊರು ಬಿಟ್ಟಳು.

*

ರಸ್ತೆಯ ಆಚೆ ನಿಂತಿದ್ದವರು ಕೋಪ್, ಅವನ ಷಡ್ಡಕ ಯೋಸ್ಟ್, ಮತ್ತಿಬ್ಬರು. ನಾಲ್ವರೂ ಕರಿ ಸೂಟು ಹಾಕಿದ್ದರು. ಟೋಪಿ ಕೈಯಲ್ಲಿತ್ತು.

“ಬಂದ್ರಲ್ಲಾ ಕೋಪ್ ಮಾಮ!” ಗುಡ್ರುನ್‌ಗೆ ಏದುಸಿರು. “ಬನ್ನಿ, ನಿಮಗೋಸ್ಕರನೇ ತಡೆದಿದೀನಿ.”

ಕೋಪ್ ಅವಳ ಮುಖ ನೋಡಲಿಲ್ಲ. “ನಾವು ಒಳಗೆ ಬರಲ್ಲಮ್ಮ.”

“ಮತ್ತೆ ಯಾಕೆ ಬಂದ್ರಿ? ತಮಾಷೆ ನೋಡೋಕಾ?”

“ರಸ್ತೆ ಊರಿಂದು. ಯಾರು ಬೇಕಾದರೂ ನಿಲ್ಲಬಹುದು.”

“ಆಲ್ಬ್ರೆಕ್ಟ್, ಹಂಗೆಲ್ಲ ಅನ್ನಬೇಡ್ವೋ,” ಯೋಸ್ಟ್ ಮೆಲ್ಲಗೆ ಅಂದ. ಅವಳತ್ತ ತಿರುಗಿ, “ನೋಡು ಹುಡುಗಿ, ನಮ್ಮ ಶೆಡ್ಡಲ್ಲಿ ನಾಲ್ಕೇ ಜನ ಉಳಿದಿದೀವಿ. ಹೊರೋಕೆ ಆರು ಬೇಕು,” ಎಂದ.

“ನಾನೊಬ್ಬಳು. ಡಾಂಬಾಖ್ ಒಬ್ಬ. ಆರಾಯ್ತಲ್ಲ?”

ಯೋಸ್ಟ್ ಕೋಪ್‌ನತ್ತ ನೋಡಿದ. ಉಳಿದಿಬ್ಬರೂ ನೋಡಿದರು. ಅವನೊಂದು ಹೂಂ ಅಂದಿದ್ದರೆ ನಾಲ್ವರೂ ರಸ್ತೆ ದಾಟುತ್ತಿದ್ದರು. ಕೋಪ್‌ನ ದವಡೆ ಅಲುಗಿತು.

“ಅವನ ಜೊತೆ ಮಾತಾಡಲ್ಲ, ಅವನ ಹೆಣ ಹೊರಲ್ಲ ಅಂತ ಗೇಟಿನ ಮುಂದೆ ನಿಂತು ಅಂದಿದ್ವಿ. ಮುನ್ನೂರು ಜನ. ನಮ್ಮ ಶೆಡ್ಡಿನ ಮಿಕ್ಕೋರು ಆ ಮಾತು ಉಳಿಸ್ಕೊಂಡೇ ಸತ್ರು.”

“ಮೂವತ್ತು ವರ್ಷ ಆಯ್ತು ಮಾಮ!”

“ಗೊತ್ತು.”

“ಬಂದಾಗಿನಿಂದ ಒಂದೇ ಒಂದು ಸಲ ಅಪ್ಪನ ಹೆಸರಾದ್ರೂ ಬಾಯಲ್ಲಿ ಬಂತಾ ನಿಮಗೆ?”

ಕೋಪ್ ಟೋಪಿಯ ಅಂಚನ್ನು ಬೆರಳಿನಿಂದ ತಿರುಗಿಸುತ್ತ ನಿಂತ. ಗುಡ್ರುನ್‌ಗೆ ಎದುರಿಗೆ ಸಿಕ್ಕಿದ್ದನ್ನೆಲ್ಲ ಎತ್ತಿ ಹೊಡೆಯಬೇಕೆನಿಸಿತು. “ಸಾಯಿರಿ ಹಾಗಾದ್ರೆ,” ಅಂದವಳೇ ತಿರುಗಿ ನಡೆದಳು.

ಬಾಡಿಗೆಯವರೇ ಹೊತ್ತರು. ಪೆಟ್ಟಿಗೆಯ ಹಿಂದೆ ಪಾದ್ರಿಯಮ್ಮ, ಗುಡ್ರುನ್, ಪಕ್ಕದ ಮನೆಯ ಹೆಂಗಸು, ಅಷ್ಟೇ. ಮೋಡ ಮುಸುಕಿದ್ದರೂ ಮಳೆ ಬರಲಿಲ್ಲ. ಎಡಗಡೆ ಹಿಂದೆ ಹಿಡಿದಿದ್ದ ಆಳು ಹೊಸಬ. ಉಳಿದವರ ಜೊತೆ ಅವನ ಹೆಜ್ಜೆ ಕೂಡುತ್ತಲೇ ಇರಲಿಲ್ಲ. ಪಾದ್ರಿಯಮ್ಮ ನಿಷ್ಠೆಯಿಂದ ದುಡಿದವನು ಎಂದು ಓದಿದಳು, ಅವಳಿಗೆ ಇನ್ನೇನು ಗೊತ್ತು ಪಾಪ. ಹಗ್ಗ ಸಡಿಲಿಸಿದಾಗ ಗುಡ್ರುನ್ ಮೂರು ಹಿಡಿ ಮಣ್ಣು ಹಾಕಿದಳು. ಒಬ್ಬಳೇ ಮೂರು ಸಲ ಹಾಕಿದಳು, ಮುಂದೆ ಬಂದು ಹಾಕುವವರು ಇರಲಿಲ್ಲ. ಸ್ಮಶಾನದ ಗೋಡೆಯಾಚೆ ಆ ನಾಲ್ಕು ಬೋಳು ತಲೆಗಳು ಕೊನೆಯವರೆಗೂ ಕದಲಲಿಲ್ಲ. ಅದನ್ನು ನೋಡಿ ಅವಳಿಗೆ ಇನ್ನಷ್ಟು ಉರಿಯಿತು.

*

ಲೀಸ್‌ಬೆತ್‌ಳ ಹೋಟೆಲಿನಲ್ಲಿ ಗುಡ್ರುನ್ ಹನ್ನೆರಡು ಜನರಿಗೆ ಕಾಫಿ, ಸಕ್ಕರೆ ಕೇಕು ಹೇಳಿದ್ದಳು. ಪಕ್ಕದ ಮನೆಯ ಹೆಂಗಸು ಅರ್ಧ ತುಂಡು ತಿಂದು ಮೊಣಕಾಲು ನೋವೆಂದು ಎದ್ದು ಹೋದಳು. ಹತ್ತು ಬಟ್ಟಲು ಬೋರಲು ಬಿದ್ದಿದ್ದ ಆ ಮೇಜಿನಲ್ಲಿ ಗುಡ್ರುನ್‌ಗೆ ಕೂರಲಾಗಲಿಲ್ಲ. ತನ್ನ ಬಟ್ಟಲು ಹಿಡಿದುಕೊಂಡು ಒಲೆಯ ಪಕ್ಕದ, ಗೋಡೆಗೆ ಆನಿಸಿದ್ದ ಒಂಟಿ ಮೇಜಿಗೆ ಹೋಗಿ ಕೂತಳು. ರೈಲಿಗೆ ಇನ್ನೂ ಎರಡು ಗಂಟೆ ಇತ್ತು.

ನಾಲ್ಕು ಹೊಡೆಯುತ್ತಲೇ ಬಾಗಿಲು ತೆರೆದು ಆ ನಾಲ್ವರು ಬಂದರು. ಶುಕ್ರವಾರ ನಾಲ್ಕಕ್ಕೆ ಅವರು ಬಂದೇ ಬರುವವರು. ಅವರ ಉದ್ದ ಮೇಜು ಕೋಣೆಯ ನಡುವೆ; ಕರೆಯದೆ ಅಲ್ಲಿ ಯಾರೂ ಕೂರುವಂತಿಲ್ಲ. ಗುಡ್ರುನ್ ಕೂತ ಜಾಗ ನೋಡಿ ಕೋಪ್ ಗಕ್ಕನೆ ನಿಂತ. ಆಮೇಲೆ ಏನೂ ಆಗದವನಂತೆ ಹೋಗಿ ಕುರ್ಚಿ ಎಳೆದುಕೊಂಡ.

“ಬಿಯರ್ ಕೊಡಮ್ಮಾ ಲೀಸ್‌ಬೆತ್!” ಕಿವಿ ಹರಿದು ಹೋಗುವಂತೆ ಕೂಗಿದ.

“ನಂಗೂ ಒಂದು!” ಯೋಸ್ಟ್ ಅವನಿಗಿಂತ ಜೋರಾಗಿ ಕೂಗಿದ. “ಈ ಸಲ ಊರಿನ ಟೀಮು ಮೂರು ಗೋಲಿಗೆ ಸೋಲ್ತಂತೆ!”

“ಮೂರಲ್ಲ, ನಾಲ್ಕು! ಗೋಲ್‌ಕೀಪರ್ ನಿದ್ದೆ ಮಾಡ್ತಿದ್ನಂತೆ!”

ಗುಡ್ರುನ್ ಹಲ್ಲು ಕಚ್ಚಿದಳು. ಕಾಫಿ ತುಂಬಲು ಬಂದ ಲೀಸ್‌ಬೆತ್‌ಗೆ, “ಇವತ್ತಾದ್ರೂ ಸ್ವಲ್ಪ ಮೆಲ್ಲಗೆ ಮಾತಾಡೋಕೆ ಹೇಳು. ಎಲ್ಲ ಕಿವುಡು ಮುಂಡೇವು,” ಎಂದಳು.

“ಅವರಾ? ಕೋಪ್‌ಗೆ ಅಡಿಗೆಮನೇಲಿ ಚಮಚ ಬಿದ್ದರೆ ಕೇಳಿಸುತ್ತೆ,” ಲೀಸ್‌ಬೆತ್ ದನಿ ತಗ್ಗಿಸಿದಳು. “ಕಿವಿ ಹೋಗಿದ್ದಿದ್ದು ನಿಮ್ಮಪ್ಪನಿಗಲ್ವಾ? ಬಾಯ್ಲರ್ ಒಳಗೆ ಕೂತು, ಹೊರಗಿನೋರು ಸುತ್ತಿಗೇಲಿ ಬಡಿಯೋ ರಿವೆಟ್ ಹಿಡಿದೂ ಹಿಡಿದೂ. ಕಿವೀಲಿ ಆ ಮೆಷಿನ್ ಇಟ್ಟರೆ ತಲೆನೋವು ಅಂತ ಕಿತ್ತಿಡ್ತಿದ್ದ.”

“ಅದಕ್ಕೂ ಇದಕ್ಕೂ ಏನು?”

“ನೀನು ಕೂತಿರೋದು ಅವನ ಜಾಗ ಕಣೆ. ಪ್ರತಿ ಶುಕ್ರವಾರ. ಒಂದು ಬಿಯರು, ಒಂದು ಉಪ್ಪಿನ ಮೀನು. ಅವರು ಇವನ ಜೊತೆ ಮಾತಾಡೋ ಹಾಗಿಲ್ಲ, ಆಣೆ. ಇವನೂ ಅವರ ಕಡೆ ತಿರುಗ್ತಿರಲಿಲ್ಲ, ಹಟ. ಮೊದಮೊದಲು ಅವರು ಪಿಸಪಿಸ ಅಂತಿದ್ರು. ನಿಮ್ಮಮ್ಮ ಹೋದ ಮೇಲೆ ಒಂದು ದಿನ ಕೋಪ್ ಜೋರಾಗಿ ಮಾತಾಡೋಕೆ ಶುರು ಮಾಡಿದ. ಯಾಕೆ ಅಂತ ಯಾರೂ ಕೇಳಲಿಲ್ಲ. ಎಲ್ಲರೂ ಹಂಗೇ ಆದ್ರು. ಇಪ್ಪತ್ತೆರಡು ವರ್ಷದಿಂದ ನನ್ನ ತಲೆ ಚಿಟ್ಟು ಹಿಡಿದು ಹೋಗಿದೆ.”

ಗುಡ್ರುನ್ ಬಟ್ಟಲು ಕೆಳಗಿಟ್ಟಳು. ಭಾನುವಾರಗಳ ಫೋನು ನೆನಪಾಯಿತು. ಅಪ್ಪ ಅವಳ ಮಾತು ಕೇಳಿಸಿಕೊಳ್ಳದೆ ತನ್ನ ಪಾಡಿಗೆ ಊರಿನ ಸುದ್ದಿ ಹೇಳುತ್ತಿದ್ದ: ಕೋಪ್‌ಗೆ ಸೊಂಟದ ಆಪರೇಷನ್ ಆಯ್ತು, ಯೋಸ್ಟ್‌ನ ಮೊಮ್ಮಗಳು ಹೆತ್ತಳು, ಗಂಡು. ಯಾರೂ ಮಾತಾಡಿಸದವನು ಕತೆ ಕಟ್ಟಿ ಹೇಳುತ್ತಿದ್ದಾನೆ ಎಂದು ಅವಳು ಫೋನು ಮೇಜಿನ ಮೇಲಿಟ್ಟು ಪಾತ್ರೆ ತೊಳೆಯುತ್ತಿದ್ದಳು. ಈಗ ಅಳು ಬಂತು. ತಡೆಯಲಿಲ್ಲ.

ಉದ್ದ ಮೇಜಿನಲ್ಲಿ ಲೋಟಗಳು ಕೆಳಗಿಳಿದವು. ಆಮೇಲೆ ಕೋಪ್ ಗಂಟಲು ಸರಿಮಾಡಿಕೊಂಡ.

“ಇವತ್ತು ಷ್ಟ್ರೂಬೆನ ಮಣ್ಣು ಮಾಡಿದ್ರು!” ಅವನು ಯೋಸ್ಟ್‌ನನ್ನು ನೋಡುತ್ತ ಕೂಗಿದ.

“ಹೌದಾ! ಮಳೆ ಬಂತಾ?”

“ಇಲ್ಲ! ಮೋಡ ಇತ್ತು, ಹಿಡ್ಕೊಂಡಿತ್ತು!”

“ಮಗಳು ಬಂದಿದ್ಲಾ?”

“ಬಂದಿದ್ಲು! ನೀಲಿ ಕೋಟು! ಅವಳಮ್ಮನ ಥರಾನೇ ನಡೀತಾಳೆ! ಒಬ್ಬಳೇ ಮೂರು ಸಲ ಮಣ್ಣು ಹಾಕಿದ್ಲು!”

“ಹೊತ್ತೋರು ಯಾರು?”

“ಬಾಡಿಗೆಯೋರು! ಎಡಗಡೆ ಹಿಂದಿನವನಿಗೆ ಹೆಜ್ಜೆ ಹಾಕೋಕೂ ಬರಲ್ಲ! ಪೆಟ್ಟಿಗೆ ಹೊಯ್ದಾಡ್ತಿತ್ತು!” ಕೋಪ್ ಬಿಯರ್ ಲೋಟವನ್ನು ದೂರ ಸರಿಸಿದ. ಆಮೇಲೆ, ಇಪ್ಪತ್ತೆರಡು ವರ್ಷದಲ್ಲಿ ಆ ಕೋಣೆಯಲ್ಲಿ ಮೊದಲ ಸಲ, ಮೆಲ್ಲಗೆ ಹೇಳಿದ: “ನಾವು ಹೊರಬೇಕಾಗಿತ್ತು.”

ಯೋಸ್ಟ್ ಅವನ ತೋಳು ಮುಟ್ಟಿದ.

“ಜೋರಾಗಿ ಹೇಳೋ ಆಲ್ಬ್ರೆಕ್ಟ್. ಅವನಿಗೆ ಕೇಳಿಸಲ್ಲ.”

ಕೋಪ್ ಎದ್ದು ನಿಂತ. ಮೇಜಿನ ಅಂಚು ಹಿಡಿದುಕೊಂಡು, ಒಲೆಯ ಕಡೆಗೆ ಪೂರ್ತಿ ತಿರುಗಿ, ಅದನ್ನೇ ಇನ್ನೊಮ್ಮೆ ಹೇಳಿದ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ಕಿಟಕಿಯತ್ತ ನೋಡಿದರು.